ಮಳೆ ಹಿಡಿದ ರಾತ್ರಿ 400 ಮೆಸೇಜು: ಜಾಲ ಕಾಯುವವರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ತೊಂದರೆಯನ್ನು ಹೇಳುತ್ತವೆ. ನಾಲ್ಕಾರು ಸರ್ವರ್ ನೋಡಿಕೊಳ್ಳಲೆಂದು ಹಾಕಿಕೊಂಡ ಸಾಫ್ಟ್‌ವೇರಿಗೆ ಈಗ ಊರೂರಿನ ರೂಟರು, ಸ್ವಿಚ್ಚು, ಯುಪಿಎಸ್ಸು, ಫೈಬರ್ ಪೆಟ್ಟಿಗೆ ಎಲ್ಲವನ್ನೂ ಸೇರಿಸಿದ್ದಾರೆ. ಸರ್ವರ್ ಕೋಣೆಯಲ್ಲಿ ಎಲ್ಲ ಯಂತ್ರಕ್ಕೂ ಒಂದೇ ಕರೆಂಟು, ಒಂದೇ ಸ್ವಿಚ್ಚು. ಅಲ್ಲಿ ‘ಸರ್ವರ್ ಸಿಗುತ್ತಿಲ್ಲ’ ಎಂದರೆ ಸಾಕು. ಮಲೆನಾಡಿನ ಜಾಲದಲ್ಲಿ ಅಷ್ಟು ಸಾಲದು. ಕರೆಂಟು ಹೋಯಿತೋ, ಲೈನ್ ಕಡಿಯಿತೋ, ಪೆಟ್ಟಿಗೆಯೇ ಕೆಟ್ಟಿತೋ ಎಂಬುದನ್ನು ಬಿಡಿಸಿ ಹೇಳದ ಅಲರ್ಟು ರಾತ್ರಿ ನಿದ್ದೆ ಕೆಡಿಸುತ್ತದೆಯೇ ಹೊರತು ಯಾರನ್ನು ಎಲ್ಲಿಗೆ ಕಳಿಸಬೇಕೆಂದು ತಿಳಿಸುವುದಿಲ್ಲ.

ಪ್ರಶ್ನೆ: ನಮ್ಮದು ಪತ್ತಿನ ಸಹಕಾರ ಸಂಘ. ಶಿವಮೊಗ್ಗದಲ್ಲಿ ಮುಖ್ಯ ಕಚೇರಿ. ಸಾಗರ, ಹೊಸನಗರ, ತೀರ್ಥಹಳ್ಳಿ, ಸೊರಬದ ಕಡೆ ಸೇರಿ 46 ಶಾಖೆ. 8 ಸರ್ವರ್ ನೋಡಲು ಝ್ಯಾಬಿಕ್ಸ್ ಎಂಬ ಕಾವಲು ಸಾಫ್ಟ್‌ವೇರ್ ಹಾಕಿದ್ದೆವು, ಚೆನ್ನಾಗಿಯೇ ನಡೆಯುತ್ತಿತ್ತು. ಈಗ ಶಾಖೆಗಳ ಸಾಧನಗಳೂ ಸೇರಿ 300 ಆಗಿದೆ. ಪುನರ್ವಸು ಮಳೆ ಹಿಡಿದ ಒಂದೇ ರಾತ್ರಿ 400 ಮೆಸೇಜು ಬಂತು. ಬೆಳಗ್ಗೆ ನೋಡಿದರೆ ನಿಜವಾಗಿ ಜನ ಹೋಗಬೇಕಾಗಿದ್ದದ್ದು ಎರಡೇ ಶಾಖೆಗೆ. ಇದನ್ನು ಸರಿಮಾಡುವುದು ಹೇಗೆ? ಸರ್ವರಿನ ಪರವಾಗಿ ಸ್ಥಳದಲ್ಲೇ ಸಾಧನಗಳನ್ನು ನೋಡುವ ಪ್ರಾಕ್ಸಿಯನ್ನು ತಾಲ್ಲೂಕಿಗೊಂದರಂತೆ ಇಡಬಹುದೇ?
— ಓದುಗರು, ಶಿವಮೊಗ್ಗ

ಉತ್ತರ: ಲೆಕ್ಕ ನೋಡಿ. ಒಂದು ಶಾಖೆಯಲ್ಲಿ 6 ಸಾಧನ. ಲೈನ್ ಹೋದಾಗ 6 ಮೆಸೇಜು, ಬಂದಾಗ ಮತ್ತೆ 6. ಒಂದೇ ರಾತ್ರಿ ಮೂರು ಸಲ ಹೋಗಿ ಬಂದರೆ ಆ ಒಂದು ಶಾಖೆಯಿಂದಲೇ 36. ಇಂಥ ಹನ್ನೊಂದು ಶಾಖೆ ಸೇರಿದರೆ ನಿಮ್ಮ 400 ಆಯಿತು.

ಮೊದಲು ಕಂಪ್ಯೂಟರ್ ಬಿಟ್ಟು ಒಂದು ಹಾಳೆ ತೆಗೆದುಕೊಳ್ಳಿ. ಝ್ಯಾಬಿಕ್ಸ್ ಸರ್ವರ್ ಇರುವ ಜಾಗದಿಂದ ಹೊರಟು, ಯಾವ ಸಾಧನದ ಹಿಂದೆ ಯಾವುದಿದೆ ಎಂದು ಗೆರೆ ಎಳೆಯಿರಿ: ಮುಖ್ಯ ಕಚೇರಿಯ ಕೋರ್ ಸ್ವಿಚ್, ಅದರಾಚೆ ಅಲ್ಲಿಯ ರೂಟರ್, ಅದರಾಚೆ ಶಾಖೆಯ ರೂಟರ್, ಅದರ ಹಿಂದೆ ಸ್ವಿಚ್, ಸ್ವಿಚ್ಚಿನ ಹಿಂದೆ ಡಿವಿಆರ್, ಪ್ರಿಂಟರ್. ಈ ಗೆರೆಗಳನ್ನೇ ಝ್ಯಾಬಿಕ್ಸಿನಲ್ಲಿ ಟ್ರಿಗರ್ ಡಿಪೆಂಡೆನ್ಸಿ ಎಂದು ಬರೆಯುವುದು. ಟ್ರಿಗರ್ ಎಂದರೆ ಯಾವಾಗ ಕೂಗಬೇಕೆಂಬ ಷರತ್ತು. ಮುಂದಿನ ಸಾಧನದ ಟ್ರಿಗರ್ ‘ತೊಂದರೆ’ಯಲ್ಲಿದ್ದಷ್ಟು ಹೊತ್ತು ಹಿಂದಿನವುಗಳ ಟ್ರಿಗರ್ ಅಲುಗಾಡುವುದಿಲ್ಲ. 46 ಶಾಖೆಗೆ ಇದನ್ನು ಮೌಸಿನಲ್ಲಿ ಮಾಡಲು ಹೋಗಬೇಡಿ, ಎಲ್ಲೋ ಒಂದು ಕಡೆ ತಪ್ಪುತ್ತದೆ. ಸಾಧನಗಳ ಹೆಸರಿಗೆ ಒಂದೇ ಕ್ರಮ ಇಡಿ: ತಾಲ್ಲೂಕಿನ ಗುರುತು, ಶಾಖೆಯ ಸಂಖ್ಯೆ, ಸಾಧನದ ಬಗೆ. ಆಗ ಎಪಿಐ (ಸ್ಕ್ರಿಪ್ಟಿನಿಂದ ಝ್ಯಾಬಿಕ್ಸಿಗೆ ಆಜ್ಞೆ ಕೊಡುವ ದಾರಿ) ಮೂಲಕ ಮೂವತ್ತು ಸಾಲಿನ ಪೈಥಾನ್ ಸ್ಕ್ರಿಪ್ಟ್ ಎಲ್ಲ ಗೆರೆಗಳನ್ನೂ ಎಳೆಯುತ್ತದೆ. ಮುಂದೆ ಹೊಸ ಶಾಖೆ ತೆರೆದರೂ ಅದನ್ನೇ ಓಡಿಸಿದರಾಯಿತು.

ಡಿಪೆಂಡೆನ್ಸಿ ಹಾಕಿದ ಮೇಲೂ ಮೆಸೇಜು ನಿಲ್ಲಲಿಲ್ಲ ಎಂದು ಬರೆಯುವವರು ಬಹಳ ಜನ. ಕಾರಣ ಸಮಯದ್ದು. ರೂಟರನ್ನೂ ಸ್ವಿಚ್ಚನ್ನೂ ಒಂದೇ ಅಂತರದಲ್ಲಿ ಪಿಂಗ್ ಮಾಡಿ ‘ಇದ್ದೀಯಾ’ ಎಂದು ಕೇಳುತ್ತಿದ್ದರೆ, ರೂಟರ್ ಹೋಗಿದೆ ಎಂದು ಗೊತ್ತಾಗುವ ಮೊದಲೇ ಸ್ವಿಚ್ಚಿನ ಸರದಿ ಬಂದು ಅದರ ಮೆಸೇಜು ಹೊರಟುಬಿಟ್ಟಿರುತ್ತದೆ. ಆದ್ದರಿಂದ ಮುಂದಿನದಕ್ಕೆ ಬೇಗ ಗೊತ್ತಾಗಬೇಕು, ಹಿಂದಿನದಕ್ಕೆ ತಡವಾಗಿ. ರೂಟರಿಗೆ 30 ಸೆಕೆಂಡಿಗೊಮ್ಮೆ ಪಿಂಗ್, ಸತತ 3 ಸಲ ತಪ್ಪಿದರೆ ತೊಂದರೆ. ಅಂದರೆ ಸುಮಾರು ಒಂದೂವರೆ ನಿಮಿಷ. ಸ್ವಿಚ್ ಮತ್ತು ಉಳಿದವಕ್ಕೆ 60 ಸೆಕೆಂಡಿಗೊಮ್ಮೆ, ಸತತ 5 ಸಲ ತಪ್ಪಿದರೆ ಮಾತ್ರ. ಅಂದರೆ ಐದು ನಿಮಿಷ.

ವಾಪಸು ಬರುವಾಗ ಇದೇ ತೊಂದರೆ ತಿರುಗುಮುರುಗಾಗುತ್ತದೆ, ಇದನ್ನು ಗಮನಿಸುವವರು ಕಡಿಮೆ. ಕರೆಂಟು ಬಂದಾಗ ರೂಟರ್ ಮೊದಲು ಎದ್ದು ಕೂರುತ್ತದೆ, ಅದರ ತೊಂದರೆ ಮುಗಿಯುತ್ತದೆ. ಸ್ವಿಚ್ ಏಳಲು ಇನ್ನೂ ಎರಡು ಮೂರು ನಿಮಿಷ ಬೇಕು. ಆ ನಡುವೆ ಸ್ವಿಚ್ಚಿಗೆ ಅಡ್ಡ ಹಾಕಿದ್ದ ತಡೆ ಬಿದ್ದುಹೋಗಿ, ಹಿಂದಿನ ಐದು ತಪ್ಪಿದ ಪಿಂಗ್‌ಗಳ ಲೆಕ್ಕದಲ್ಲೇ ಅದು ಕೂಗುತ್ತದೆ. ಇದಕ್ಕೆ ರೂಟರಿನ ಟ್ರಿಗರಿಗೆ ಬೇರೆಯದೇ ರಿಕವರಿ ಷರತ್ತು ಬರೆಯಿರಿ: ಕಳೆದ 5 ನಿಮಿಷದ ಪಿಂಗ್‌ಗಳಲ್ಲಿ ಅತಿ ಕಡಿಮೆ ಬೆಲೆ (ವ್ಯಾಲ್ಯೂ; ಉತ್ತರ ಬಂದರೆ 1, ಬಾರದಿದ್ದರೆ 0) 1 ಆಗಿದ್ದರೆ, ಎಂದರೆ ಒಂದೂ ತಪ್ಪದಿದ್ದರೆ ಮಾತ್ರ, ತೊಂದರೆ ಮುಗಿಯಿತೆಂದು ತಿಳಿ. ಗಾಳಿಗೆ ಲೈನ್ ಹೋಗಿ ಬಂದು ಮಾಡುವ ರಾತ್ರಿಗಳಲ್ಲೂ ಇದರಿಂದ ಹತ್ತು ಮೆಸೇಜಿನ ಜಾಗದಲ್ಲಿ ಒಂದೇ ಬರುತ್ತದೆ.

ಇನ್ನು ಕರೆಂಟು. ಈ ಭಾಗಕ್ಕೆ ಹೆಚ್ಚು ಶ್ರಮ ಹಾಕಿ, ಫಲ ಇಲ್ಲೇ ಇರುವುದು. ಯುಪಿಎಸ್ಸಿಗೆ ಎಸ್‌ಎನ್‌ಎಂಪಿ (ಸಾಧನದ ಸ್ಥಿತಿಯನ್ನು ಜಾಲದ ಮೂಲಕ ಕೇಳಿ ತಿಳಿಯುವ ಪದ್ಧತಿ) ಕಾರ್ಡ್ ಇದ್ದರೆ, ಯುಪಿಎಸ್‌ಗಳಿಗೆಂದೇ ಇರುವ ಸಾಮಾನ್ಯ ಎಂಐಬಿಯಲ್ಲಿ (ಕೇಳಬಹುದಾದ ಬೆಲೆಗಳ ಪಟ್ಟಿಯಲ್ಲಿ) ಔಟ್‌ಪುಟ್ ಎಲ್ಲಿಂದ ಬರುತ್ತಿದೆ ಎಂಬ ಬೆಲೆ ಓದಿ: 3 ಎಂದರೆ ಮಾಮೂಲು, 5 ಎಂದರೆ ಬ್ಯಾಟರಿ. ಜೊತೆಗೆ ಉಳಿದ ನಿಮಿಷಗಳ ಅಂದಾಜನ್ನೂ ಓದಿ. ಹಳೆಯ ಬ್ಯಾಟರಿಯಲ್ಲಿ ಆ ಅಂದಾಜನ್ನು ಪೂರ್ತಿ ನಂಬಲಾಗದು; 40 ನಿಮಿಷ ಎಂದು ತೋರಿಸಿ 12ಕ್ಕೇ ಕೈಬಿಡುವುದುಂಟು. ಪ್ರತಿ ಶಾಖೆಯಲ್ಲೂ ಬ್ಯಾಟರಿಗೆ ಹೋದ ಹೊತ್ತು ಮತ್ತು ರೂಟರ್ ಮಾತು ನಿಲ್ಲಿಸಿದ ಹೊತ್ತಿನ ನಡುವಿನ ಅಂತರವನ್ನು ನೀವೇ ಬರೆದಿಡಿ. ಯಾವ ಬ್ಯಾಟರಿ ಬದಲಾಯಿಸಬೇಕು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಪಟ್ಟಿ ಸಿಗುವುದಿಲ್ಲ.

ಸಣ್ಣ ಶಾಖೆಯ 1 ಕೆವಿಎ ಒಳಗಿನ ಯುಪಿಎಸ್ಸುಗಳಿಗೆ ಸಾಮಾನ್ಯವಾಗಿ ಆ ಕಾರ್ಡ್ ಇರುವುದಿಲ್ಲ. ಅಲ್ಲಿ ಯುಪಿಎಸ್ ಮೂಲಕ ಹೋಗದ, ನೇರ ಗೋಡೆಯ ಪ್ಲಗ್ಗಿನಲ್ಲಿ ನಿಲ್ಲುವ ಒಂದು ಪುಟ್ಟ ಸಾಧನ ಇಡಿ: ಇಎಸ್‌ಪಿ8266 ಬೋರ್ಡ್ ಮತ್ತು ಮೊಬೈಲ್ ಚಾರ್ಜರ್, ಅಥವಾ ವೈಫೈ ಸ್ಮಾರ್ಟ್ ಪ್ಲಗ್. ಅದಕ್ಕೆ ಐಪಿ ವಿಳಾಸ ಹಂಚುವ ಡಿಎಚ್‌ಸಿಪಿಯಲ್ಲಿ ಕಾಯಂ ವಿಳಾಸ ಕೊಟ್ಟು ಪಿಂಗ್ ಮಾಡುತ್ತಿರಿ. ರೂಟರ್ ಸಿಗುತ್ತಿದ್ದು ಅದೊಂದೇ ಸಿಗದಿದ್ದರೆ ಶಾಖೆಯಲ್ಲಿ ಕರೆಂಟಿಲ್ಲ ಎಂದರ್ಥ. ಅದು ಹೋಗಿ ಅರ್ಧ ಗಂಟೆಯ ಮೇಲೆ ರೂಟರೂ ಹೋದರೆ ಬ್ಯಾಟರಿ ಮುಗಿಯಿತು. ಲೈನ್‌ಮನ್ನನ್ನು ಕಳಿಸಬೇಕಿಲ್ಲ, ಮೆಸ್ಕಾಂಗೆ ಫೋನ್ ಮಾಡಿದರಾಯಿತು. ಎರಡೂ ಒಂದೇ ಕ್ಷಣ ಹೋದರೆ ಮೊದಲು ಲೈನ್ ನೋಡಿ, ಆಮೇಲೆ ಯುಪಿಎಸ್. ಈ ಪುಟ್ಟ ಸಾಧನವನ್ನು ಕೇಬಲ್ಲಿನಲ್ಲಿ ಸ್ವಿಚ್ಚಿಗೆ ಜೋಡಿಸಬೇಡಿ, ವೈಫೈನಲ್ಲೇ ಇರಲಿ. ಏಪ್ರಿಲ್, ಮೇ ತಿಂಗಳ ಸಿಡಿಲಿಗೆ ಗೋಡೆಯ ಪ್ಲಗ್ಗಿನಿಂದ ತಾಮ್ರದ ತಂತಿ ಹಿಡಿದು ಬಂದ ಏಟು ಯುಪಿಎಸ್ ಕಾಯುತ್ತಿದ್ದ ಸ್ವಿಚ್ಚನ್ನೂ ಸುಡುತ್ತದೆ.

ಪ್ರಾಕ್ಸಿ ಬಗ್ಗೆಯೂ ನೀವು ಕೇಳಿದ್ದೀರಿ. ತಾಲ್ಲೂಕಿಗೊಂದು ಪ್ರಾಕ್ಸಿ ಎಂಬುದು ಕೇಳಲು ಚೆನ್ನ. ಆದರೆ ನಿಮ್ಮ ಶಾಖೆಗಳೆಲ್ಲ ವಿಪಿಎನ್ ಮೂಲಕ ನೇರ ಶಿವಮೊಗ್ಗಕ್ಕೆ ಜೋಡಿಸಿದ್ದರೆ, ಸಾಗರದ ಪ್ರಾಕ್ಸಿ ಪಕ್ಕದ ಊರಿನ ಶಾಖೆಯನ್ನು ನೋಡಲೂ ಶಿವಮೊಗ್ಗಕ್ಕೆ ಬಂದೇ ಹೋಗಬೇಕು. ಅದರಿಂದ ಏನೂ ಸಿಗದು. ಹತ್ತಿಪ್ಪತ್ತು ಸಾಧನಗಳಿರುವ ದೊಡ್ಡ ಶಾಖೆಗಳಲ್ಲಿ ಮಾತ್ರ, ಆ ಶಾಖೆಯ ಒಳಗಿನದ್ದನ್ನು ನೋಡಲು ಇಡಿ. ಆಕ್ಟಿವ್ ಮೋಡಿನಲ್ಲಿ ಇಟ್ಟರೆ ಅದೇ ಹೊರಟು ಸರ್ವರಿನ 10051 ಪೋರ್ಟ್ ಮುಟ್ಟುತ್ತದೆ, ಶಾಖೆಗೆ ಕಾಯಂ ಐಪಿ ಬೇಕಿಲ್ಲ, 4ಜಿ ಡಾಂಗಲ್ ಮೇಲೂ ನಡೆಯುತ್ತದೆ. ಲೈನ್ ಇಲ್ಲದಾಗ ಅದು ಮಾಹಿತಿ ಕೂಡಿಟ್ಟುಕೊಳ್ಳುವ ಅವಧಿ ಮೂಲದಲ್ಲಿ 1 ಗಂಟೆ ಮಾತ್ರ. ಮರ ಬಿದ್ದು ಎರಡು ದಿನ ಲೈನ್ ಬಾರದ ಊರುಗಳಿಗೆ ಪ್ರಾಕ್ಸಿಆಫ್‌ಲೈನ್‌ಬಫರ್ ಬೆಲೆಯನ್ನು 72 ಗಂಟೆಗೆ ಏರಿಸಿ, 720ರವರೆಗೆ ಅವಕಾಶವಿದೆ. ಯಂತ್ರ ಯಾವುದಾದರೂ ಆಗಲಿ, ಡೇಟಾಬೇಸನ್ನು ಮೆಮರಿ ಕಾರ್ಡಿನ ಮೇಲೆ ಇಡಬೇಡಿ, ಎಸ್‌ಎಸ್‌ಡಿ ಹಾಕಿ. ಬರೆಯುತ್ತಿರುವಾಗ ಕರೆಂಟು ಹೋದರೆ ಕಾರ್ಡು ಹಾಳಾಗುತ್ತದೆ. ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರಿನಲ್ಲಿ ಕರೆಂಟು ಹೋದಾಗಲೂ ನಡೆಯುವ ಗಡಿಯಾರ ಇಲ್ಲ. ಲೈನ್ ಇಲ್ಲದ ಹೊತ್ತಿನಲ್ಲಿ ಅದು ಮತ್ತೆ ಹೊತ್ತಿಕೊಂಡರೆ ತಪ್ಪು ಸಮಯದ ಮುದ್ರೆ ಒತ್ತಿ ಮಾಹಿತಿ ಕೂಡಿಡುತ್ತದೆ. ನೂರಿನ್ನೂರು ರೂಪಾಯಿಯ ಆರ್‌ಟಿಸಿ (ಬ್ಯಾಟರಿಯಲ್ಲಿ ನಡೆಯುವ ಗಡಿಯಾರ) ಮಾಡ್ಯೂಲ್ ಸೇರಿಸಿ.

ಪ್ರಶ್ನೆ: ಕಾಲೇಜಿಗೆ 1 ಜಿಬಿಪಿಎಸ್ ಲೈನ್ ಬಂದಿದೆ. ಆದರೆ ಲೈನಿನ ಹರಿವು ತೋರಿಸುವ ನಮ್ಮ ಹಳೆಯ ಸಾಫ್ಟ್‌ವೇರ್ ಎಂಆರ್‌ಟಿಜಿಯ ಗ್ರಾಫ್ ಎಂದೂ 114 ಎಂಬಿಪಿಎಸ್ ದಾಟುವುದಿಲ್ಲ. ಲೈನ್ ಕೊಟ್ಟವರು ತಮ್ಮ ಕಡೆ 600 ಕಾಣುತ್ತಿದೆ ಎನ್ನುತ್ತಾರೆ. ಯಾರ ಮಾತು ನಂಬುವುದು?
— ಓದುಗರು, ಸಾಗರ

ಉತ್ತರ: ಲೈನ್ ಕೊಟ್ಟವರದ್ದೇ ಸರಿ. ನಿಮ್ಮ ಪ್ರಶ್ನೆಯ 114 ಎಂಬ ಸಂಖ್ಯೆಯಲ್ಲೇ ಉತ್ತರ ಇದೆ.

ಸ್ವಿಚ್ಚಿನ ಪ್ರತಿ ಪೋರ್ಟಿಗೂ ಬೈಟ್ ಎಣಿಸುವ ಮೀಟರ್ ಇದೆ. ಹಳೆಯದು 32 ಬಿಟ್ಟಿನದು. 4,29,49,67,296 ಬೈಟ್ ಎಣಿಸಿದ ಮೇಲೆ ಸೊನ್ನೆಗೆ ಮರಳುತ್ತದೆ. ತುಂಬು ಹರಿವಿನ 1 ಜಿಬಿಪಿಎಸ್ ಲೈನಿನಲ್ಲಿ ಅದು ಒಂದು ಸುತ್ತು ಮುಗಿಸಲು 34 ಸೆಕೆಂಡ್ ಸಾಕು. ನೀವು ಓದುತ್ತಿರುವುದು 5 ನಿಮಿಷಕ್ಕೊಮ್ಮೆ. ಮೀಟರ್ ಏಳೆಂಟು ಸುತ್ತು ಹಾಕಿದ್ದರೂ ಸಾಫ್ಟ್‌ವೇರ್ ಒಂದೇ ಸುತ್ತು ಎಂದುಕೊಳ್ಳುತ್ತದೆ. ಒಂದು ಪೂರ್ತಿ ಸುತ್ತನ್ನು ಬಿಟ್ಟಿಗೆ ತಿರುಗಿಸಿ 300 ಸೆಕೆಂಡಿಗೆ ಭಾಗಿಸಿ ನೋಡಿ, ಸರಿಯಾಗಿ 114.5 ಎಂಬಿಪಿಎಸ್ ಬರುತ್ತದೆ. ಅದಕ್ಕಿಂತ ಮೇಲೆ ಆ ಗ್ರಾಫಿಗೆ ಹೋಗಲು ದಾರಿಯೇ ಇಲ್ಲ.

64 ಬಿಟ್ಟಿನ ಮೀಟರ್ ಓದಿ. ಹೆಸರಿನಲ್ಲಿ ಎಚ್‌ಸಿ ಎಂಬ ಅಕ್ಷರಗಳಿರುತ್ತವೆ. ಎಸ್‌ಎನ್‌ಎಂಪಿ ಆವೃತ್ತಿ 1ರಲ್ಲಿ ಅದು ಸಿಗುವುದಿಲ್ಲ, ಕಡೇಪಕ್ಷ 2ಸಿ ಬೇಕು. ಎಂಆರ್‌ಟಿಜಿಯಲ್ಲಿ ಸಿಎಫ್‌ಜಿಮೇಕರನ್ನು (cfgmaker) ಆವೃತ್ತಿ 2 ಎಂದು ಹೇಳಿ ಮತ್ತೆ ಓಡಿಸಿದರೆ ಅದೇ ಆರಿಸಿಕೊಳ್ಳುತ್ತದೆ. ಝ್ಯಾಬಿಕ್ಸಿನಲ್ಲಿ ಇದೇ ತಪ್ಪು ಬೇರೆ ರೂಪದಲ್ಲಿ ಕಾಣುತ್ತದೆ: ಸೆಕೆಂಡಿಗೆ ಎಷ್ಟು ಬದಲಾಯಿತು ಎಂದು ಲೆಕ್ಕ ಹಾಕುವಾಗ ಹೊಸ ಬೆಲೆ ಹಳೆಯದಕ್ಕಿಂತ ಕಡಿಮೆಯಿದ್ದರೆ ಅದು ಬೆಲೆಯನ್ನೇ ಬಿಟ್ಟುಬಿಡುತ್ತದೆ, ಗ್ರಾಫಿನಲ್ಲಿ ತೂತು ಬೀಳುತ್ತದೆ.

ಈ ಕೆಲಸಕ್ಕೆ ಕೈ ಹಾಕಿದಾಗಲೇ ಇನ್ನೊಂದನ್ನೂ ನೋಡಿ. ಕರೆಂಟು ಹೋಗಿ ಸ್ವಿಚ್ ಮತ್ತೆ ಹೊತ್ತಿಕೊಂಡಾಗ ಕೆಲವು ಮಾದರಿಗಳಲ್ಲಿ ಪೋರ್ಟುಗಳ ಒಳಸಂಖ್ಯೆ ಬದಲಾಗುತ್ತದೆ. ಹಾಸ್ಟೆಲ್ಲಿನ ಗ್ರಾಫ್ ಗ್ರಂಥಾಲಯದ ಹೆಸರಿನಲ್ಲಿ ಬರೆಯತೊಡಗಿದರೂ ಯಾರಿಗೂ ಗೊತ್ತಾಗುವುದಿಲ್ಲ. ಗ್ರಾಫನ್ನು ಒಳಸಂಖ್ಯೆಗೆ ಕಟ್ಟದೆ ಪೋರ್ಟಿನ ಹೆಸರಿಗೆ ಕಟ್ಟಿ.

ಪ್ರಶ್ನೆ: 1,200 ಮನೆಗೆ ಫೈಬರ್ ಇಂಟರ್ನೆಟ್ ಕೊಡುತ್ತೇವೆ. ಪ್ರತಿ ಮನೆಯ ಓಎನ್‌ಯು (ಮನೆಯ ಫೈಬರ್ ಪೆಟ್ಟಿಗೆ) ಸಿಗ್ನಲ್ಲನ್ನು ನಿಮಿಷಕ್ಕೊಮ್ಮೆ ಓದಲು ಹೋದರೆ ಓಎಲ್‌ಟಿ (ಆ ಮನೆಗಳೆಲ್ಲ ಜೋಡಿಸಿರುವ ನಮ್ಮ ಕಡೆಯ ಯಂತ್ರ) ಸಿಪಿಯು 95 ಶೇಕಡಾ ತಲುಪಿ, ಗ್ರಾಹಕರ ಲಾಗಿನ್ನೇ ತಡವಾಗುತ್ತದೆ.
— ಓದುಗರು, ಕೊಪ್ಪ

ಉತ್ತರ: ನಿಮಿಷಕ್ಕೊಮ್ಮೆ ಓದುವುದನ್ನು ಇವತ್ತೇ ನಿಲ್ಲಿಸಿ. ಓಎನ್‌ಯುವಿನ ಬೆಳಕಿನ ಅಳತೆ ಓಎಲ್‌ಟಿಯಲ್ಲಿ ಯಾವಾಗಲೂ ಸಿದ್ಧವಾಗಿ ಇರುವುದಿಲ್ಲ. ನೀವು ಕೇಳಿದಾಗ ಅದು ಪ್ರತಿ ಮನೆಯ ಪೆಟ್ಟಿಗೆಯನ್ನು ಕೇಳಿ ತರಬೇಕಾಗಬಹುದು. ಬೆಳಕಿನ ಮಟ್ಟ ನಿಮಿಷ ನಿಮಿಷಕ್ಕೆ ಬದಲಾಗುವ ವಸ್ತುವಲ್ಲ. ಗಂಟೆಗೊಮ್ಮೆ, ಅದೂ ಒಂದೊಂದು ಪಾನ್ ಪೋರ್ಟಿಗೆ (ಓಎಲ್‌ಟಿಯಿಂದ ಒಂದು ಗುಂಪು ಮನೆಗಳಿಗೆ ಫೈಬರ್ ಹೊರಡುವ ಜಾಗಕ್ಕೆ) ಒಂದೊಂದು ಹೊತ್ತು ಹಂಚಿ ಓದಿ. ಒಂದೊಂದೇ ಬೆಲೆ ಕೇಳುವ ಬದಲು ಗೆಟ್‌ಬಲ್ಕ್ ಬಳಸಿ, ಒಂದು ಸಲಕ್ಕೆ 10ರಿಂದ 20 ಬೆಲೆ ಸಾಕು. 50 ಕೇಳಿದರೆ ಕೆಲವು ಓಎಲ್‌ಟಿಗಳು ಉತ್ತರಿಸದೆ ಟೈಮ್‌ಔಟ್ ಆಗುತ್ತವೆ. ಝ್ಯಾಬಿಕ್ಸ್ 6.4ರಿಂದ ಈಚೆಗೆ ವಾಕ್ ಎಂಬ ಐಟಂ ಇದೆ (ಐಟಂ ಎಂದರೆ ಝ್ಯಾಬಿಕ್ಸ್ ಓದುವ ಒಂದೊಂದು ಅಳತೆ). ಇಡೀ ಪಟ್ಟಿಯನ್ನು ಒಂದೇ ಸಲ ತಂದು, ಬಿಡಿ ಬೆಲೆಗಳನ್ನು ಸರ್ವರಿನಲ್ಲೇ ಬೇರ್ಪಡಿಸುತ್ತದೆ. ನಿಮಗೆ ಅದೇ ತಕ್ಕದ್ದು.

ಹಾಗಾದರೆ ಲೈನ್ ಕಡಿದದ್ದು ತಕ್ಷಣ ಗೊತ್ತಾಗುವುದು ಹೇಗೆ? ಓಎಲ್‌ಟಿ ತಾನೇ ಕಳಿಸುವ ಟ್ರ್ಯಾಪ್‌ಗಳಿಂದ. ಅವು ಯುಡಿಪಿ 162ಕ್ಕೆ ಬರುತ್ತವೆ. ಅದರಲ್ಲಿ ನಿಮಗೆ ಬಹಳ ಬೆಲೆಯುಳ್ಳದ್ದು ಡೈಯಿಂಗ್ ಗ್ಯಾಸ್ಪ್, ಅಂದರೆ ಕೊನೆಯುಸಿರು. ಕರೆಂಟು ಹೋದಾಗ ಓಎನ್‌ಯು ತನ್ನ ಕೆಪಾಸಿಟರಿನಲ್ಲಿ ಉಳಿದ ಚೂರು ಶಕ್ತಿಯಲ್ಲಿ ‘ನನಗೆ ಕರೆಂಟು ಹೋಯಿತು’ ಎಂದು ಹೇಳಿ ಆರುತ್ತದೆ. ಫೈಬರ್ ಕಡಿದರೆ ಹಾಗೆ ಹೇಳಲು ದಾರಿಯೇ ಇರುವುದಿಲ್ಲ, ಸಿಗ್ನಲ್ ನಷ್ಟ ಎಂದು ಓಎಲ್‌ಟಿಯೇ ದಾಖಲಿಸುತ್ತದೆ. ಒಂದು ಪಾನ್ ಪೋರ್ಟಿನಲ್ಲಿ ಒಂದು ನಿಮಿಷದೊಳಗೆ 10ಕ್ಕಿಂತ ಹೆಚ್ಚು ಮನೆ ಹೋದಾಗ ಅವುಗಳಲ್ಲಿ ಎಷ್ಟು ಕೊನೆಯುಸಿರು ಹೇಳಿದವು ಎಂದು ಎಣಿಸಿ. ಹೆಚ್ಚಿನವು ಹೇಳಿದ್ದರೆ ಟ್ರಾನ್ಸ್‌ಫಾರ್ಮರ್ ಹೋಗಿದೆ. ಒಂದೂ ಹೇಳದಿದ್ದರೆ ಓಎಲ್‌ಟಿಯಿಂದ ಸ್ಪ್ಲಿಟರಿಗೆ (ಬೆಳಕನ್ನು ಮನೆಗಳಿಗೆ ಹಂಚುವ ಪೆಟ್ಟಿಗೆಗೆ) ಬರುವ ಫೈಬರ್ ಹೋಗಿದೆ, ಜೀಪು ಹೊರಡಲಿ. ಅಗ್ಗದ ಕೆಲವು ಓಎನ್‌ಯುಗಳು ಕೊನೆಯುಸಿರು ಕಳಿಸುವುದೇ ಇಲ್ಲ. ಆದ್ದರಿಂದ ಒಂದೊಂದು ಮನೆಯನ್ನಲ್ಲ, ಗುಂಪನ್ನು ನೋಡಿ ತೀರ್ಮಾನಿಸಿ.

ಬೆಳಕಿನ ಮಟ್ಟಕ್ಕೆ ಎಲ್ಲರಿಗೂ ಒಂದೇ ಗೆರೆ ಎಳೆಯುವುದು ತಪ್ಪು. ಬಿ ಪ್ಲಸ್ ದರ್ಜೆಯ ಜಿಪಾನ್‌ನಲ್ಲಿ (ಮನೆಗಳಿಗೆ ಫೈಬರ್ ಹಂಚುವ ಒಂದು ತಂತ್ರ) ಓಎನ್‌ಯು ಮೈನಸ್ 27 ಡಿಬಿಎಂವರೆಗೆ ತಾಳುತ್ತದೆ. ಡಿಬಿಎಂ ಬೆಳಕಿನ ಬಲದ ಅಳತೆ, ಮೈನಸ್ ಹೆಚ್ಚಿದಷ್ಟೂ ಬೆಳಕು ಕಡಿಮೆ. ಮೈನಸ್ 18ರಲ್ಲಿದ್ದ ಮನೆ 22ಕ್ಕೆ ಇಳಿದರೆ ಇಂಟರ್ನೆಟ್ ನಡೆಯುತ್ತಲೇ ಇರುತ್ತದೆ, ನಿಮ್ಮ 25ರ ಗೆರೆ ಸುಮ್ಮನಿರುತ್ತದೆ, ಆದರೆ ಜಾಯಿಂಟ್ ಪೆಟ್ಟಿಗೆಗೆ ನೀರು ಹೊಕ್ಕಿರುತ್ತದೆ. ಜೋಡಿಸಿದ ದಿನದ ಅಳತೆಯನ್ನು ಬರೆದಿಟ್ಟು, ಅದರಿಂದ 2 ಡಿಬಿ ಇಳಿದರೆ ತಿಳಿಸುವಂತೆ ಮಾಡಿ. ಆಮೇಲೆ ಎರಡೂ ದಿಕ್ಕಿನ ಅಳತೆ ಹೋಲಿಸಿ. ಮನೆಗೆ ಹೋಗುವ ಬೆಳಕು 1490 ನ್ಯಾನೊಮೀಟರ್, ಮನೆಯಿಂದ ಬರುವುದು 1310. ಕೊಂಬೆ ಬಿದ್ದು ಫೈಬರ್ ಬಾಗಿದ್ದರೆ 1490ರದ್ದು ಹೆಚ್ಚು ಸೋರುತ್ತದೆ. ಎರಡೂ ಒಂದೇ ಸಮನೆ ಇಳಿದಿದ್ದರೆ ಕನೆಕ್ಟರ್ ಅಥವಾ ಸ್ಪ್ಲೈಸ್ (ಫೈಬರ್ ಬೆಸುಗೆ) ನೋಡಿ. ಓಟಿಡಿಆರ್ (ಫೈಬರಿನ ದೋಷ ಎಷ್ಟು ದೂರದಲ್ಲಿದೆ ಎಂದು ತೋರಿಸುವ ಉಪಕರಣ) ಹೊತ್ತು ಗುಡ್ಡ ಹತ್ತುವ ಮೊದಲು ಇಷ್ಟನ್ನು ಕುಳಿತಲ್ಲೇ ತಿಳಿಯಬಹುದು.

ಪ್ರಶ್ನೆ: ನಮ್ಮ ಕಾವಲು ಸಾಫ್ಟ್‌ವೇರ್ ನಾಗಿಯೋಸ್ ಹಳೆಯದಾಯಿತು, ಬದಲಾಯಿಸಿ ಎನ್ನುತ್ತಾರೆ. 120 ಸಾಧನ ಇವೆ. ಬೇಕೆ?
— ಓದುಗರು, ಭದ್ರಾವತಿ

ಉತ್ತರ: ಬೇಡ. 1999ರಲ್ಲಿ ನೆಟ್‌ಸೇಂಟ್ ಎಂಬ ಹೆಸರಿನಲ್ಲಿ ಬಂದದ್ದಾದರೂ ಯಾರ ಹಿಂದೆ ಯಾರು ಎಂಬುದನ್ನು ಅದು ಬಹಳ ಚೆನ್ನಾಗಿ ತಿಳಿಯುತ್ತದೆ. ಪ್ರತಿ ಸಾಧನದ ವಿವರದಲ್ಲಿ ಪೇರೆಂಟ್ಸ್ ಎಂಬ ಸಾಲು ಬರೆಯಿರಿ. ಮುಂದಿನದು ಹೋದರೆ ಹಿಂದಿನವನ್ನು ಅದು ‘ಡೌನ್’ ಎನ್ನದೆ ‘ಅನ್‌ರೀಚೆಬಲ್’ ಎನ್ನುತ್ತದೆ. ಆ ಸ್ಥಿತಿಗೆ ನೋಟಿಫಿಕೇಶನ್ ತೆಗೆದುಹಾಕಿದರೆ ಮುಗಿಯಿತು. ಸಾಧನ ಸಾವಿರ ದಾಟಿ, ಪ್ರತಿ ತಪಾಸಣೆಗೂ ಬೇರೆ ಪ್ರಕ್ರಿಯೆ ಎಬ್ಬಿಸುವ ಭಾರ ಸರ್ವರಿಗೆ ತಾಗಿದಾಗ ಬದಲಾವಣೆಯ ಮಾತು. ‘ಪಬ್ಲಿಕ್’ ಎಂಬ ಎಸ್‌ಎನ್‌ಎಂಪಿ ಗುಪ್ತಪದವನ್ನು ಮಾತ್ರ ಇಂದೇ ಬದಲಾಯಿಸಿ, ಸಾಧ್ಯವಿದ್ದಲ್ಲಿ ಆವೃತ್ತಿ 3ಕ್ಕೆ ಹೋಗಿ.

ಪ್ರಶ್ನೆ: ಮೂರೇ ತಿಂಗಳಿಗೆ ಝ್ಯಾಬಿಕ್ಸ್ ಡೇಟಾಬೇಸ್ 200 ಜಿಬಿ ದಾಟಿ ಡಿಸ್ಕ್ ತುಂಬಿತು. ಹಳೆಯದನ್ನು ಅಳಿಸಿದರೂ ಜಾಗ ಬರಲಿಲ್ಲ.
— ಓದುಗರು, ಹೊಸನಗರ

ಉತ್ತರ: ನೀವು ಬರೆದಂತೆ 300 ಸಾಧನ, ತಲಾ ಸುಮಾರು 60 ಐಟಂ, ಎಲ್ಲ ನಿಮಿಷಕ್ಕೊಮ್ಮೆ. 18,000 ಐಟಂ ಎಂದರೆ ಸೆಕೆಂಡಿಗೆ 300 ಬೆಲೆ, ದಿನಕ್ಕೆ 2 ಕೋಟಿ 59 ಲಕ್ಷ. ಬೆಲೆಗೆ ಸುಮಾರು 90 ಬೈಟ್ ಹಿಡಿದರೆ ದಿನಕ್ಕೆ 2.3 ಜಿಬಿ, 90 ದಿನಕ್ಕೆ 210. ಡಿಸ್ಕ್ ತುಂಬಿದ್ದರಲ್ಲಿ ಆಶ್ಚರ್ಯವಿಲ್ಲ.

ಪೋರ್ಟಿನ ಹೆಸರು, ವೇಗ, ಮಾದರಿಯಂಥವನ್ನು ಗಂಟೆಗೊಮ್ಮೆ ಓದಿದರೆ ಸಾಕು. ನಿಮಿಷಕ್ಕೊಮ್ಮೆ ಬೇಕಾದ್ದು ಅಪ್‌ಲಿಂಕ್ ಮತ್ತು ಪಿಂಗ್, 3,000 ಐಟಂ ಇರಬಹುದು. ಉಳಿದ ಪೋರ್ಟುಗಳ 6,000 ಐಟಂಗೆ 5 ನಿಮಿಷ. ಮಿಕ್ಕ 9,000 ಗಂಟೆಗೊಮ್ಮೆ. ಆಗ ಸೆಕೆಂಡಿಗೆ 72 ಬೆಲೆ, ದಿನಕ್ಕೆ 560 ಎಂಬಿ. ಹಿಸ್ಟರಿಯನ್ನು (ಓದಿದ ಒಂದೊಂದು ಬೆಲೆಯ ದಾಖಲೆಯನ್ನು) 14 ದಿನಕ್ಕೆ ಇಳಿಸಿದರೆ 8 ಜಿಬಿ ಒಳಗೇ ನಿಲ್ಲುತ್ತದೆ. ಹೋದ ಮಳೆಗಾಲಕ್ಕೆ ಹೋಲಿಸಲು ಟ್ರೆಂಡ್ಸ್ ಇದ್ದೇ ಇದೆ: ಗಂಟೆಗೊಂದು ಸಾಲಿನಲ್ಲಿ ಕಡಿಮೆ, ಸರಾಸರಿ, ಹೆಚ್ಚು. ಅದನ್ನು ಒಂದು ವರ್ಷ ಇಟ್ಟರೂ 14 ಜಿಬಿ.

ಅಳಿಸಿದರೂ ಜಾಗ ಬಾರದ್ದು ಮೈಎಸ್‌ಕ್ಯುಎಲ್ ಡೇಟಾಬೇಸಿನಲ್ಲಿ ಮಾಹಿತಿ ಕೂಡಿಡುವ ಇನ್ನೊಡಿಬಿಯ ಸ್ವಭಾವ. ಸಾಲುಗಳು ಹೋದರೂ ಕಡತ ಕುಗ್ಗುವುದಿಲ್ಲ. ದೊಡ್ಡ ಕೋಷ್ಟಕಗಳನ್ನು ದಿನಕ್ಕೊಂದು ಪಾರ್ಟಿಶನ್ ಆಗಿ ಒಡೆದು, ಹಳೆಯ ಪಾರ್ಟಿಶನ್ನನ್ನೇ ಇಡಿಯಾಗಿ ಬಿಸಾಡಿ, ಆ ಕೋಷ್ಟಕಗಳಿಗೆ ಹೌಸ್‌ಕೀಪರ್ (ಹಳೆಯ ಸಾಲು ಅಳಿಸುವ ಝ್ಯಾಬಿಕ್ಸಿನ ಭಾಗ) ನಿಲ್ಲಿಸಿ. ಹೊಸದಾಗಿ ಕಟ್ಟುವವರು ಪೋಸ್ಟ್‌ಗ್ರೆಸ್ ಡೇಟಾಬೇಸ್ ಜೊತೆ ಅದರ ಟೈಮ್‌ಸ್ಕೇಲ್ ಎಂಬ ವಿಸ್ತರಣೆ ಹಾಕಿಕೊಂಡರೆ ಈ ಕೆಲಸ ತಾನೇ ನಡೆಯುತ್ತದೆ.

ಪ್ರಶ್ನೆ: ಎರಡು ಗುಡ್ಡಗಳ ನಡುವೆ 5 ಕಿ.ಮೀ. ದೂರದ 5.8 ಗಿಗಾಹರ್ಟ್ಸ್ ವೈರ್‌ಲೆಸ್ ಲಿಂಕ್ ಇದೆ. ಮಳೆ ಬಂದರೆ ನಿಧಾನ. ಮಳೆಯನ್ನು ನಿಲ್ಲಿಸಲಾಗದಲ್ಲ?
— ಓದುಗರು, ತೀರ್ಥಹಳ್ಳಿ

ಉತ್ತರ: ಇದರಲ್ಲಿ ಮಳೆಯ ಪಾಲು ಚಿಕ್ಕದು. ಗಂಟೆಗೆ 25 ಮಿ.ಮೀ. ಸುರಿದರೂ 5 ಕಿ.ಮೀ. ಹಾದಿಯಲ್ಲಿ ಆ ಅಲೆಗೆ ಆಗುವ ನಷ್ಟ 1 ಡಿಬಿ ಒಳಗೆ. ಎರಡೂ ಕಡೆಯ ರೇಡಿಯೊದಿಂದ ಸಿಗ್ನಲ್ ಮಟ್ಟವನ್ನು ನಿಮಿಷಕ್ಕೊಮ್ಮೆ ಓದಿ ಗ್ರಾಫ್ ಮಾಡಿ, ಮಳೆ ನಿಂತ ಮೇಲೆ ಏನಾಗುತ್ತದೆ ನೋಡಿ. ಮಳೆ ನಿಂತೊಡನೆ ಸಿಗ್ನಲ್ ಎದ್ದರೆ ಮಳೆಯದ್ದೇ. ಗಂಟೆಗಟ್ಟಲೆ ನಿಧಾನವಾಗಿ ಎದ್ದರೆ ನಡುವೆ ಒದ್ದೆ ಎಲೆಗಳಿವೆ. ನಿಮ್ಮ ಲಿಂಕಿನ ನಟ್ಟನಡುವೆ ಫ್ರೆನೆಲ್ ವಲಯದ (ನೇರ ಗೆರೆಯ ಸುತ್ತ ಅಲೆ ಹರಡಿ ಸಾಗುವ ಜಾಗದ) ತ್ರಿಜ್ಯ 8 ಮೀಟರ್. ಕಣ್ಣಿಗೆ ಕಾಣುವ ನೇರ ಗೆರೆಯಿಂದ ಕೆಳಗೆ ಕನಿಷ್ಠ 5 ಮೀಟರ್ ಖಾಲಿ ಇರಬೇಕು. ಲಿಂಕ್ ಹಾಕಿದ ವರ್ಷ ಗೆರೆಯ ಕೆಳಗಿದ್ದ ಸಿಲ್ವರ್ ಓಕ್ ಈಗ ಎಲ್ಲಿಗೆ ಬೆಳೆದಿದೆ ಎಂದು ಬೈನಾಕ್ಯುಲರ್ ಹಿಡಿದು ನೋಡಿ.

ಸಿಗ್ನಲ್ ಗ್ರಾಫ್ ಇಳಿಯದೆ ವೇಗ ಮಾತ್ರ ಇಳಿದರೆ ರೇಡಿಯೊದ ಈಥರ್ನೆಟ್ ಪೋರ್ಟಿನ ವೇಗ ಮತ್ತು ಎರರ್ ಎಣಿಕೆ ನೋಡಿ. 1 ಜಿಬಿಪಿಎಸ್ ಇದ್ದದ್ದು 100 ಅಥವಾ 10ಕ್ಕೆ ಇಳಿದಿದ್ದರೆ ಕಂಬದ ಮೇಲಿನ ಆರ್‌ಜೆ45 ಕನೆಕ್ಟರಿಗೆ ನೀರು ಇಳಿದಿದೆ. ಹೊಸ ಕನೆಕ್ಟರ್ ಹಾಕಿ, ಕೇಬಲ್ ಪೆಟ್ಟಿಗೆಗೆ ಹೋಗುವ ಮೊದಲು ಕೆಳಗೆ ಒಂದು ಬಾಗು ಬಿಡಿ, ಹನಿ ಅಲ್ಲೇ ತೊಟ್ಟಿಕ್ಕಲಿ.

ಪ್ರಶ್ನೆ: ಮುಖ್ಯ ಕಚೇರಿಯ ಇಂಟರ್ನೆಟ್ಟೇ ಹೋದರೆ ಟೆಲಿಗ್ರಾಂ ಮೆಸೇಜು ಹೊರಡುವುದೇ ಇಲ್ಲ. ಆಗ?
— ಓದುಗರು, ಶಿಕಾರಿಪುರ

ಉತ್ತರ: ಸರ್ವರಿಗೆ ಯುಎಸ್‌ಬಿ ಜಿಎಸ್‌ಎಂ ಮೋಡೆಮ್ ಮತ್ತು ಒಂದು ಸಿಮ್ ಜೋಡಿಸಿ, ಲಿನಕ್ಸಿನಲ್ಲಿ ಗಮ್ಮು ಎಂಬ ಉಪಕರಣದಿಂದ ಎಸ್‌ಎಂಎಸ್ ಕಳಿಸಿ. ಲೈನ್ ಕೊಡುವವರದ್ದಲ್ಲದ ಬೇರೆ ಕಂಪನಿಯ ಸಿಮ್ ಇರಲಿ. ಸರ್ವರೇ ಸತ್ತರೆ ಹೇಳುವವರು ಬೇಕಲ್ಲ, ಅದಕ್ಕೆ ಬೇರೆ ಊರಿನ ಇನ್ನೊಂದು ಯಂತ್ರ 5 ನಿಮಿಷಕ್ಕೊಮ್ಮೆ ಇದನ್ನು ಮುಟ್ಟಿ ನೋಡಲಿ. ಮಾಮೂಲು ರೀಚಾರ್ಜ್ ಪ್ಲಾನುಗಳಲ್ಲಿ ದಿನಕ್ಕೆ 100 ಎಸ್‌ಎಂಎಸ್ ಮಾತ್ರ. ಮೊದಲ ಉತ್ತರದ ಡಿಪೆಂಡೆನ್ಸಿಗಳನ್ನು ಹಾಕದೆ ಮೋಡೆಮ್ ಜೋಡಿಸಿದರೆ ಮೊದಲ ಮಳೆಗೇ ಅದು ಮುಗಿದು, ನಿಜವಾದ ಮೆಸೇಜು ಹೊರಡದೆ ಉಳಿಯುತ್ತದೆ. ಎಸ್‌ಎಂಎಸ್ಸಿಗೆ ಶಾಖೆಯ ರೂಟರ್, ಕೋರ್ ಸ್ವಿಚ್, ಸರ್ವರ್ ಕೋಣೆಯ ಯುಪಿಎಸ್ ಈ ಮೂರನ್ನು ಮಾತ್ರ ಬಿಡಿ. ಉಳಿದದ್ದು ಬೆಳಗ್ಗೆ 9ಕ್ಕೆ ಒಂದು ಇಮೇಲ್ ಪಟ್ಟಿಯಾಗಿ ಬರಲಿ.